ಭಾವ ಮಾರದ ಯಂತ್ರ

ಗಿರಾಕಿಯನ್ನು ಬೇರೆ ಕಂಪನಿಗೆ ಕಳಿಸಿಕೊಡುವುದಕ್ಕೂ ಸಂಬಳ ಸಿಗುತ್ತದೆ ಎಂದು ಹದಿನಾಲ್ಕು ವರ್ಷ ನಂಬಿದ್ದವರು ನಮ್ಮ ಭಾವ. ಅಕ್ಕನ ಗಂಡ. ಠಾಣೆ ಊರಿನ ಕಂಪನಿಯೊಂದರಲ್ಲಿ ಹೀಟ್ ಎಕ್ಸ್‌ಚೇಂಜರ್ ಮಾರುತ್ತಿದ್ದರು. ಅಂದರೆ, ಬಿಸಿ ದ್ರವದ ಶಾಖವನ್ನು ತಣ್ಣೀರಿಗೆ ದಾಟಿಸುವ ಯಂತ್ರ. ಎರಡೂ ಬೆರೆಯದಂತೆ ನಡುವೆ ಲೋಹದ ಗೋಡೆ. ಅವರ ಕಂಪನಿ ತಯಾರಿಸುತ್ತಿದ್ದದ್ದು ತೆಳು ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಪ್ಲೇಟ್ ಮಾದರಿ ಮಾತ್ರ. ಬೇರೆ ಮಾದರಿಗಳೂ ಇವೆ ಎಂದು ಗಿರಾಕಿಗೆ ಹೇಳುವ ದರ್ದು ಏನಿತ್ತು? ಭಾವ ಹೇಳುತ್ತಿದ್ದರು. ಚಿತ್ರ ಬರೆದು ಹೇಳುತ್ತಿದ್ದರು!

ಉಲ್ಹಾಸನಗರದ ಹಾಲಿನ ವ್ಯಾಪಾರಿಯೊಬ್ಬ ದೊಡ್ಡ ಯಂತ್ರ ಕೇಳಿದಾಗ, ಹಾಲಿಗೆ ಪ್ಲೇಟೇ ಸರಿ, ಆದರೆ ಇದರ ಅರ್ಧ ಸಾಕು ಎಂದು ಆರ್ಡರನ್ನೇ ಕತ್ತರಿಸಿ ಬಂದರು. ವ್ಯಾಪಾರಿ ಕೈಮುಗಿದನಂತೆ. ಮ್ಯಾನೇಜರನೂ ಕೈಮುಗಿದನಂತೆ, ಬೇರೆ ಅರ್ಥದಲ್ಲಿ.

ಕೆಲಸ ಅಲ್ಲಾಡತೊಡಗಿದಾಗ ಅಕ್ಕ ನನಗೆ ಫೋನು ಮಾಡಿದಳು. ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ; ನಮಗೊಂದು ಎಕ್ಸ್‌ಚೇಂಜರ್ ಬೇಕಿತ್ತು. ಕಾರ್ಖಾನೆಯ ಮಾಲೀಕ ಸೇಠ್‌ರನ್ನು ಒಪ್ಪಿಸಿ ಭಾವನನ್ನು ಕರೆಸಿದೆ. ಸಹಿಯೊಂದೇ ಬಾಕಿ. ಭಾವ ನಮ್ಮ ದ್ರವವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಎದುರಿಗಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಒಂದು ಗಂಟೆ! ಸೇಠ್ ಎರಡು ಸಲ ಚಹಾ ಕಳಿಸಿದರು. ಮೂರನೆಯ ಸಲ ಕಳಿಸಲಿಲ್ಲ. ಅಷ್ಟರಲ್ಲಿ ತಳದಲ್ಲಿ ಬೆರಳು ದಪ್ಪ ಗಸಿ ಇಳಿದಿತ್ತು.

"ಇದಕ್ಕೆ ಪ್ಲೇಟ್ ಆಗುದಿಲ್ಲ ಮಾರಾಯ," ಎಂದರು. "ಸಂದಿಯಲ್ಲಿ ಗಸಿ ಕೂರ್ತದೆ, ವಾರಕ್ಕೊಮ್ಮೆ ಬಿಚ್ಚಬೇಕು. ಅಗಲ ಕೊಳವೆಯದ್ದು ತಗೊಳ್ಳಿ. ನಾವು ಅದನ್ನು ಮಾಡುದಿಲ್ಲ."

ಮಾರಲಿಕ್ಕೆ ಬಂದಿದ್ದೀರೋ ಓಡಿಸಲಿಕ್ಕೋ ಎಂದು ಸೇಠ್ ಹಿಂದಿಯಲ್ಲಿ ಕೇಳಿದರು. ಕೊಳವೆಯದ್ದಕ್ಕೆ ಉದ್ದನೆಯ ಜಾಗ ಬೇಕು. ನಮ್ಮ ಶೆಡ್ಡು ಚಿಕ್ಕದು. ಸತ್ಯ ಹಿಡಿಸುವಷ್ಟು ದೊಡ್ಡ ಶೆಡ್ಡು ಡೊಂಬಿವಲಿಯಲ್ಲಿ ಯಾರು ಕಟ್ಟಿಸುತ್ತಾರೆ? ಸೇಠ್ ಬೇರೊಬ್ಬರಿಂದ ಪ್ಲೇಟನ್ನೇ ತರಿಸಿದರು. ಇದು ನಮ್ಮ ಕೆಲಸಕ್ಕೆ ತಕ್ಕದ್ದು ಎಂಬ ಕಾಗದವನ್ನು ನನ್ನ ಮುಂದಿಟ್ಟರು. ಬಾಟಲಿಯ ತಳ ನೋಡಿದ್ದ ನಾನು ಸಹಿ ಹಾಕಿದೆ.

ಸುದ್ದಿ ಅವರ ಕಂಪನಿಗೆ ಮುಟ್ಟಿ ಭಾವನ ಕೆಲಸ ಹೋಯಿತು. ಕೋಪರಖೈರಣೆಯಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲಾದಲ್ಲಿ ಕೂತರು. ಅಲ್ಲೂ ಸುಮ್ಮನಿದ್ದರೇ? ಇಡ್ಲಿ ಬೆಳಿಗ್ಗಿನದ್ದು, ದೋಸೆ ತಗೊಳ್ಳಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರಂತೆ. ನಾನು ಮಾತ್ರ ವರ್ತಕ ನಗರದ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಅವರ ಹಟದಿಂದ ಅಕ್ಕನ ಸಂಸಾರ ಹಾಳಾಯಿತು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಹಾಗೆ ಹೇಳುವುದು ನನಗೆ ಸುಲಭವಾಗಿತ್ತು.

ಇತ್ತ ಕಾರ್ಖಾನೆಯಲ್ಲಿ ಗಸಿ ವಾರವೂ ಕಾಯಲಿಲ್ಲ. ಬಿಚ್ಚಿದೆವು, ತೊಳೆದೆವು, ಕಟ್ಟಿದೆವು. ಹಾಗೆ ಕಟ್ಟಿ ಚಾಲೂ ಮಾಡಿದ ಒಂದು ದಿನ ತಗಡುಗಳ ನಡುವಿನ ರಬ್ಬರು ಜಾರಿ, ಕುದಿಯುವ ದ್ರವ ನನ್ನ ಎರಡೂ ಕೈಗಳ ಮೇಲೆ ಚಿಮ್ಮಿತು. ಕಲ್ಯಾಣದ ಆಸ್ಪತ್ರೆಗೆ ಸೇಠ್ ಹೂಗುಚ್ಛ ಕಳಿಸಿದರು. ಜೊತೆಗೆ ನನ್ನ ಸಹಿಯಿದ್ದ ಕಾಗದದ ಪ್ರತಿಯನ್ನೂ.

ಮರುದಿನ ಮಧ್ಯಾಹ್ನ ಭಾವ ಡಬ್ಬಿ ಹಿಡಿದು ಬಂದರು. ಆಗಲೇ ಹೇಳಿದ್ದೆನಲ್ಲ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ನಾನೇ ಹೇಳಿದೆ, "ಭಾವ, ಆ ಕಾಗದಕ್ಕೆ ಸಹಿ ಹಾಕಿದ್ದು ನಾನು."

"ಗೊತ್ತುಂಟು," ಎಂದರು. "ಬಾಯಿ ತೆಗಿ."

ಅಕ್ಕ ಕಳಿಸಿದ್ದ ಗಂಜಿ ಇನ್ನೂ ಹಬೆಯಾಡುತ್ತಿತ್ತು. ಚಮಚ ಚಮಚಕ್ಕೂ ಊದಿ, ತಮ್ಮ ತುಟಿಗೆ ತಾಗಿಸಿ ನೋಡಿ, ಆಮೇಲೆ ನನಗೆ ಕುಡಿಸಿದರು.