ಮಡಚುವ ಫೋನು ಮತ್ತು ನನ್ನ ಹೆಬ್ಬೆರಳು

ವಕೀಲನಾದವನು ಮನೆಯಲ್ಲಿ ವಾದ ಗೆಲ್ಲಬಾರದು. ಕೋರ್ಟಿನಲ್ಲಿ ಗೆದ್ದರೂ ಸೋತರೂ ಫಲ ಉಣ್ಣುವವನು ಕಕ್ಷಿಗಾರ. ನಾವು ಕರಿಕೋಟು ಬಿಚ್ಚಿ ಗೂಟಕ್ಕೆ ಹಾಕಿ ಚಹಾ ಕುಡಿಯಲು ಹೋಗುತ್ತೇವೆ. ಮನೆಯಲ್ಲಿ ಹಾಗಲ್ಲ, ಗೆದ್ದವನೇ ಉಣ್ಣಬೇಕು. ಸವಣೂರಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದ ನನಗೆ ಇದು ತಿಳಿದದ್ದು ಮೊನ್ನೆ ಮೊನ್ನೆ, ಒಂದು ಮಡಚುವ ಫೋನಿನಿಂದ.

ನನ್ನ ಹೆಂಡತಿ ಸುಶೀಲಾ ಕೇಳಿದ್ದು ಬಹಳ ಸಣ್ಣದು. ಮಠದಲ್ಲಿ ಪ್ರತಿ ಗುರುವಾರ ಹೆಂಗಸರ ಭಜನೆ. ಹಾಡು ಹೇಳಿಕೊಡುತ್ತಿದ್ದ ಹಿರಿಯರಿಗೆ ಮಂಡಿನೋವು ಬಂದು ಆ ಪಾಳಿ ಇವಳಿಗೆ ಬಂತು. ಫೋನಿನ ಸಣ್ಣ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ, ಒಂದು ಟ್ಯಾಬ್ಲೆಟ್ಟು ಕೊಡಿಸಿರಿ ಎಂದಳು. ಕೊಡಿಸಿದ್ದರೆ ಮುಗಿಯುತ್ತಿತ್ತು. ನಾನು ವಾದಕ್ಕೆ ನಿಂತೆ. "ಎರಡೆರಡು ಸಾಮಾನು ಯಾಕ? ಮಡಚಿದ್ರ ಫೋನು, ತೆರದ್ರ ಟ್ಯಾಬ್ಲೆಟ್ಟು, ಅಂಥಾದ್ದೊಂದು ಬಂದದ. ಗುರುವಾರ ನಿನಗ, ಉಳಿದ ದಿನ ನನಗ."

"ಹಂಗಾರ ನಿಮಗ ಬೇಕಾಗ್ಯದ ಅನ್ರಿ" ಎಂದಳು. ಈ ಪಾಟೀಸವಾಲಿಗೆ ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಆದರೂ ಗೆದ್ದೆ, ಯಾಕೆಂದರೆ ಕುಕ್ಕರು ಕೂಗಿ ಅವಳು ಎದ್ದುಹೋದಳು.

ಹುಬ್ಬಳ್ಳಿಯ ಅಂಗಡಿಯವನು ಫೋನು ಕೈಗಿಡುವಾಗ ಒಂದೇ ಮಾತು ಹೇಳಿದ. "ಸಾಹೇಬ್ರ, ಒಳಗಿನ ಪರದೆ ಮ್ಯಾಲೆ ತೆಳ್ಳನ ಪೊರಿ ಐತಿ. ಅದೂ ಪರದೆಗ ಸೇರಿದ್ದು. ಏನರ ಆಗ್ಲಿ, ಅದನ್ನ ಮಾತ್ರ ಕೀಳಬ್ಯಾಡ್ರಿ." ಈ ಮಾತನ್ನು ನಾನು ಊರಿಗೆಲ್ಲ ಸಾರಿದೆ. ಸುಶೀಲಾಗೆ ಉಗುರು ಕತ್ತರಿಸಿಕೋ ಎಂದೆ. ಬಂದವರ ಮುಂದೆಲ್ಲ ಫೋನು ತೆರೆದು ತೋರಿಸುವುದು, ಯಾರಾದರೂ ಕೈ ಚಾಚಿದರೆ ಸಿಡಿಮಿಡಿ ಮಾಡುವುದು, ಇದೇ ನನ್ನ ಉದ್ಯೋಗವಾಯಿತು.

ಹೊಲದ ಪ್ರಕರಣಕ್ಕೆಂದು ಹಿರೇಬೆಂಡಿಗೇರಿಯಿಂದ ಬಂದ ನನ್ನ ಕಕ್ಷಿಗಾರ ನಿಂಗಪ್ಪ ಅದನ್ನು ಬಹಳ ಹೊತ್ತು ನೋಡಿದ. "ಇದನ್ನ ಯಾಕ ಮಡಚೋದ್ರಿ ವಕೀಲ್ರ?"

"ಕಿಸೆದಾಗ ಹಿಡಸಬೇಕಲ್ಲಪಾ."

"ಮಡಚಿದ್ರ ಇಟ್ಟಂಗಿ ಆಗೇತಲ್ರಿ! ನಂದು ಮಡಚಲಾರದನ ಹಿಡಸತೈತಿ. ಮತ್ತ ಇಲ್ಲಿ ನಡುವ ಗೆರಿ ಬಿದ್ದೈತಿ..."

"ಮುಟ್ಟಬ್ಯಾಡ!" ಎಂದು ಚೀರಿದೆ. ಪಾಪ, ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವನಿಗೆ ಮುಂದಿನ ತಾರೀಖು ಹೇಳುವುದನ್ನೇ ಮರೆತೆ.

ಸುಶೀಲಾಳ ಮೊದಲ ಗುರುವಾರ ಬಂತು. ಹೊಸ ಹಾಡು, ಐದು ನುಡಿ, ಎಲ್ಲ ಫೋನಿನಲ್ಲೇ. ಬೆಳಿಗ್ಗೆಯಿಂದ ಅವಳು ಮೊದಲ ಎರಡು ನುಡಿಯನ್ನೇ ಗುನುಗುತ್ತಿದ್ದಳು. ಭಜನೆ ಶುರುವಾಗುವವರೆಗೂ ಫೋನನ್ನು ಯಾರ ಕೈಗೂ ಕೊಡಬಾರದೆಂದು ನಾನೇ ಹಿಡಿದುಕೊಂಡು ಮಠದ ಹೊರಕಟ್ಟೆಯ ಮೇಲೆ ಕೂತೆ. ತೊಡೆಯ ಮೇಲೆ ತೆರೆದ ಫೋನು, ಪಕ್ಕದಲ್ಲಿ ಎಲೆ ಅಡಿಕೆಯ ಸಂಚಿ. ಊಟವಾಗಿತ್ತು ನೋಡಿ. ಎಲೆಯ ತೊಟ್ಟು ಮುರಿದು, ಬೆನ್ನು ಮೇಲೆ ಮಾಡಿ, ಹೆಬ್ಬೆರಳ ಉಗುರಿನಿಂದ ನಾರು ಎಳೆಯುವುದು ನಮ್ಮೂರಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸ. ತುಂಡಾಗದೆ ಪೂರಾ ಬಂದರೆ ಅದೊಂದು ಸುಖ, ತಿಂದವರಿಗೇ ಗೊತ್ತು.

ತಮ್ಮ ಹೆಂಡತಿಯನ್ನು ಭಜನೆಗೆ ಬಿಡಲು ಬಂದಿದ್ದ ಪೋಸ್ಟ್ ಮಾಸ್ತರರು ಪಕ್ಕದಲ್ಲಿ ಕೂತು ಫೋನಿನ ಬಗ್ಗೆ ಕೇಳಿದರು. ಕೇಳಿದರೆ ಬಿಡುತ್ತೇನೆಯೇ? ಪೊರೆಯ ಮಹಿಮೆ ಶುರು ಮಾಡಿದೆ. ಒಂದು ಎಲೆ ಮುಗಿಯಿತು, ಎರಡಾಯಿತು. ಮಾತಿನ ಭರದಲ್ಲಿ ಹೆಬ್ಬೆರಳು ಮೂರನೆಯದನ್ನು ಹುಡುಕುತ್ತ ತೊಡೆಗೆ ಇಳಿಯಿತು. ನಡುವಿನ ಗೆರೆಯ ತುದಿಯಲ್ಲಿ ಪೊರೆ ಕೂದಲೆಳೆಯಷ್ಟು ಎದ್ದಿತ್ತಂತೆ. ಉಗುರು ಹತ್ತಿತು, ಎಳೆಯಿತು. ಆಹಾ, ಒಂದೇ ಎಳೆತಕ್ಕೆ ಪೂರಾ ಬಂತು!

"ವಕೀಲ್ರ," ಎಂದರು ಮಾಸ್ತರರು ಮೆಲ್ಲಗೆ, "ನಿಮ್ಮ ಕೈಯಾಗ ಇರೋದು ಏನ್ರಿ ಅದು?"

ಪರದೆ ಅರ್ಧ ಕರ್ರಗಾಗಿತ್ತು. ಉಳಿದರ್ಧದಲ್ಲಿ ಹಸಿರು ಗೀಟು. ಅದನ್ನೇ ಹಿಡಿದುಕೊಂಡು ಬಾಗಿಲಿಗೆ ಓಡಿದೆ. ಒಳಗೆ ಸುಶೀಲಾ ನೆನಪಿದ್ದ ಎರಡು ನುಡಿ ಹಾಡಿ ಮೂರನೆಯದಕ್ಕೆ ನಿಂತುಬಿಟ್ಟಳು. ಪಲ್ಲವಿಯನ್ನೇ ತಿರುತಿರುಗಿ ಹಾಡಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಬಾಗಿಲಲ್ಲಿ ನಿಂತ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಬೈದಿದ್ದರೆ ಚಲೋ ಇತ್ತು.

ಮರುದಿನ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯವನು ಫೋನು ನೋಡಿ, "ಮನ್ಯಾಗ ಸಣ್ಣ ಹುಡುಗರು ಕಿತ್ತಾರೇನ್ರಿ?" ಎಂದ. ಸಾಕ್ಷಿದಾರರಿಗೆಲ್ಲ ಸತ್ಯ ಹೇಳ್ರಿ ಎಂದು ಬುದ್ಧಿ ಹೇಳುವ ನಾನು "ಹೌದ್ರಿ" ಎಂದೆ. ನಮ್ಮ ಮನೆಯಲ್ಲಿರುವುದು ನಾವಿಬ್ಬರೇ.

"ಹುಡುಗಗ ಎಷ್ಟು ವಯಸ್ಸರಿ?"

"ಐವತ್ತಾರು" ಎಂದಳು ಸುಶೀಲಾ.

ಅಂದೇ ಟ್ಯಾಬ್ಲೆಟ್ಟು ಬಂತು. ಮಡಚದ್ದು, ಅಡ್ಡಗಲದ್ದು, ರೊಟ್ಟಿ ಹಂಚಿನಂಥದ್ದು. ಮನೆಗೆ ಬಂದು ಡಬ್ಬಿ ಬಿಚ್ಚಿದವಳೇ ಅದನ್ನು ನನ್ನ ಮುಂದೆ ಸರಿಸಿದಳು. ಮೇಲೊಂದು ತೆಳ್ಳನೆ ಪ್ಲಾಸ್ಟಿಕ್ ಪೊರೆ ಮಿರಿಮಿರಿ ಮಿಂಚುತ್ತಿತ್ತು.

"ಇದನ್ನ ಕೀಳಬೇಕಂತ. ಅಂಗಡಿಯವನ್ನ ಎರಡು ಸಲ ಕೇಳೀನಿ," ಎಂದಳು. "ತಗೋರಿ, ನಿಮಗಂತನ ಬಿಟ್ಟೀನಿ."

ವಕೀಲನಿಗೆ ಮಾನವಿರಬೇಕು. ಬೇಡ ಎಂದು ಮುಖ ತಿರುಗಿಸಿ ಎದ್ದುಹೋಗಬೇಕೆಂದೇ ಇದ್ದೆ. ಅಷ್ಟರಲ್ಲಿ ಹೆಬ್ಬೆರಳು ಮೂಲೆಯನ್ನು ಹುಡುಕಿಕೊಂಡಾಗಿತ್ತು.