ಒಂದೇ ಒಲೆಯ ಎರಡು ಬಿಸ್ಕತ್ತು: ಥಾರ್ನ್‌ಬಿ ಸೂಪರ್‌ಮಾರ್ಕೆಟ್ಟಿನ ಅಧ್ಯಕ್ಷರಿಗೆ

ಪರಮ ಮಾನ್ಯರೇ,

ಯಾರ್ಕ್‌ಷೈರಿನ ಬ್ಯಾಟ್ಲಿಯಿಂದ ಮೇವಿಸ್ ಬ್ರಾಡ್ಬೆಂಟ್ ಎಂಬ ಗಿರಾಕಿಯ ಸವಿನಯ ವಂದನೆಗಳು. ನನ್ನ ಗಂಡ ಸಿರಿಲ್ ಇನ್ನು ಮುಂದೆ ತಮ್ಮ ಅಂಗಡಿಯ ಹೊಸ್ತಿಲು ತುಳಿಯಕೂಡದೆಂದು ತಾವು ದಪ್ಪ ಕಾಗದದಲ್ಲಿ ಬರೆಸಿ ಕಳಿಸಿದ ಅಪ್ಪಣೆ ತಲುಪಿತು. ಎಪ್ಪತ್ತೊಂದು ವರ್ಷದ, ಮಂಡಿನೋವಿನ ಮನುಷ್ಯನೊಬ್ಬನಿಂದ ತಮ್ಮ ಸಾಮ್ರಾಜ್ಯಕ್ಕೆ ಇಷ್ಟು ಅಪಾಯವಿದೆಯೆಂದು ಮೊದಲೇ ತಿಳಿದಿದ್ದರೆ ನಾನೂ ಅವರನ್ನು ಇನ್ನಷ್ಟು ಗೌರವದಿಂದ ನೋಡಿಕೊಳ್ಳುತ್ತಿದ್ದೆ.

ಗಿರಣಿ ಮುಚ್ಚಿ ಸಿರಿಲ್ ಕೆಲಸ ಕಳೆದುಕೊಂಡಿದ್ದ ಕಾಲದಲ್ಲಿ ಅಂಗಡಿಯ ಹೆಸರಿನಲ್ಲೇ ಅಗ್ಗಕ್ಕೆ ಮಾರುತ್ತಿದ್ದ ಸರಕಿನ ಡಬ್ಬಿಗೆ ಬರೀ ಬಿಳಿ ಚೀಟಿ, ಕಪ್ಪು ಅಕ್ಷರ. ಯಾರ ಬುಟ್ಟಿ ಬಡವರದೆಂದು ಆಚೆ ಬೀದಿಯಿಂದಲೇ ಗೊತ್ತಾಗುತ್ತಿತ್ತು. ಪಾದ್ರಿಗಳು ಚಹಾಕ್ಕೆ ಬರುವ ದಿನ ನನ್ನತ್ತೆ ಆ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಹೊಸ ಕೆಲಸ ಸಿಕ್ಕ ದಿನ ಸಿರಿಲ್ ಹೆಸರಾಂತ ಕಂಪನಿಯ ಓಟ್ಸ್ ಬಿಸ್ಕತ್ತಿನ ಕೆಂಪು ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟರು. ಅಂದಿನಿಂದ ಕಳೆದ ತಿಂಗಳವರೆಗೆ ಒಂದು ಶುಕ್ರವಾರವೂ ಅದು ತಪ್ಪಿರಲಿಲ್ಲ.

ಹೀಗಿರುವಾಗ ತಾವು ಕಳೆದ ತಿಂಗಳು ಅಂಗಡಿಯಲ್ಲಿ ಒಂದು ತಟ್ಟೆಯಲ್ಲಿ ಆ ಕೆಂಪು ಪೊಟ್ಟಣದ ಬಿಸ್ಕತ್ತು, ಇನ್ನೊಂದರಲ್ಲಿ ತಮ್ಮ ಅಂಗಡಿಯ ಅಗ್ಗದ ಬಿಸ್ಕತ್ತು ಇಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ ರುಚಿ ನೋಡಿಸುವ ಆಟ ಏರ್ಪಡಿಸಿದಿರಿ. ಸಿರಿಲ್ ಎರಡನ್ನೂ ಕಚ್ಚಿ, ಚಪ್ಪರಿಸಿ, ನೆರೆಹೊರೆಯವರೆಲ್ಲರ ಎದುರು, "ಇದು ಅಸಲಿ. ಅದು ಬರೀ ಹೊಟ್ಟು, ಕುದುರೆಗೆ ಹಾಕಿ," ಎಂದರು. ಅಸಲಿ ಎಂದದ್ದು ತಮ್ಮ ಅಂಗಡಿಯದಾಗಿತ್ತು. ಜನ ನಕ್ಕದ್ದು ಸಾಲದೆಂದು ತಾವು ಅವರ ಆಳೆತ್ತರದ ಚಿತ್ರವನ್ನು ಬಾಗಿಲಲ್ಲಿ ನಿಲ್ಲಿಸಿ, 'ಸಿರಿಲ್ ಅವರಿಗೇ ವ್ಯತ್ಯಾಸ ತಿಳಿಯಲಿಲ್ಲ' ಎಂದು ಬರೆಸಿದಿರಿ. ಎಂಟು ದಿನ ಅವರು ಮನೆಯಿಂದ ಹೊರಬೀಳಲಿಲ್ಲ.

ಕೊನೆಗೆ ನಾನೇ ಬಾಯಿಬಿಟ್ಟೆ. ಆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪೊಟ್ಟಣ ಕಟ್ಟಿದವಳು ನಾನು. ಬೆಳಿಗ್ಗೆ ಹತ್ತರವರೆಗೆ ಕೆಂಪು ಹೊದಿಕೆ, ಹತ್ತರ ಮೇಲೆ ತಮ್ಮ ಅಂಗಡಿಯ ನೀಲಿ ಹೊದಿಕೆ. ಹಿಟ್ಟೂ ಅದೇ, ಒಲೆಯೂ ಅದೇ. ಹೊರಗೆ ಹೇಳಕೂಡದೆಂದು ಸಹಿ ಹಾಕಿಸಿಕೊಂಡಿದ್ದರು. ಸಿರಿಲ್ ಚಹಾದ ಬಟ್ಟಲನ್ನು ಕೆಳಗಿಟ್ಟು, "ಗಂಡನಿಗೂ ಹೇಳಬಾರದಿತ್ತಾ ಮೇವಿಸ್?" ಎಂದರು.

"ಅದನ್ನ ತಂದುಕೊಡೋವಾಗ ನಿನ್ನ ಮುಖ ಹೇಗಿರ್ತಿತ್ತು ಅಂತ ನಿನಗೆ ಗೊತ್ತಿಲ್ಲ," ಎಂದೆ.

ಮರುದಿನ ಅವರು ಟೈ ಕಟ್ಟಿಕೊಂಡು ಅಂಗಡಿಗೆ ಬಂದು ಆ ಆಳೆತ್ತರದ ಚಿತ್ರದ ಪಕ್ಕ ನಿಂತು, ಬಂದವರಿಗೆಲ್ಲ, "ಎರಡೂ ಒಂದೇ ತಾಯಿ ಮಕ್ಕಳು ಕಣಮ್ಮ, ಅಂಗಿ ಮಾತ್ರ ಬೇರೆ," ಎಂದು ತಿಳಿಹೇಳತೊಡಗಿದರು. ಮೂರನೆಯ ದಿನ ತಮ್ಮ ಕಾವಲುಗಾರರು ಅವರನ್ನು ತೋಳು ಹಿಡಿದು ಹೊರಗೆ ಕಳಿಸಿದರು. ಕೆಂಪು ಪೊಟ್ಟಣ ಮಾರಿದ ಲಾಭದಲ್ಲೂ ತಮಗೆ ಪಾಲಿದೆ, ಅದೂ ಖರ್ಚಾಗುತ್ತಲೇ ಇರಬೇಕು ಎಂಬುದು ನನಗೆ ಹೊಳೆದದ್ದು ಆಗಲೇ. ನಮ್ಮ ಬಡತನವನ್ನೂ ನಮ್ಮ ಜಂಬವನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿ ಮಾರುವ ತಮ್ಮ ಜಾಣತನಕ್ಕೆ ಶರಣು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಬಿಸ್ಕತ್ತನ್ನು ಒಂದಿಷ್ಟಾದರೂ ಕೆಡಿಸಬೇಕೆಂದು ಪ್ರಾರ್ಥನೆ. ಉಪ್ಪು ಹೆಚ್ಚಿಸಿದರೂ ಸರಿ, ಅರೆಬೇಯಿಸಿದರೂ ಸರಿ. ಮರ್ಯಾದಸ್ಥರ ನಾಲಿಗೆಗೆ ಗುರುತು ಹಿಡಿಯಲು ಏನಾದರೊಂದು ಇರಲಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಮೇವಿಸ್ ಬ್ರಾಡ್ಬೆಂಟ್

ತಾ.ಕ.: ಚಿತ್ರವನ್ನು ತೆಗೆಸಿದ್ದಕ್ಕೆ ಕೃತಜ್ಞಳು. ಸಿರಿಲ್ ಈಗ ತಮ್ಮ ಬಾಗಿಲಾಚೆಯ ಕಾಲುದಾರಿಯಲ್ಲಿ ಕುರ್ಚಿ ಹಾಕಿಕೊಂಡಿದ್ದಾರೆ. ಅದು ಪುರಸಭೆಯ ಜಾಗ, ವಿಚಾರಿಸಿದ್ದೇನೆ. ಸೋಮವಾರದಿಂದ ನಾನೂ ಕೂರುವೆ. ಅವರಿಗೆ ಬಿಸ್ಕತ್ತಿನ ವಿಷಯ ಮಾತ್ರ ಗೊತ್ತು. ನನ್ನ ತಂಗಿ ಹಣ್ಣಿನ ಜಾಮ್ ಮಾಡುವ ಕಾರ್ಖಾನೆಯಲ್ಲಿದ್ದಳು, ನಾದಿನಿ ಬೀನ್ಸಿನ ಡಬ್ಬಿ ತುಂಬುತ್ತಿದ್ದಳು. ಇಬ್ಬರೂ ಬರುವುದಾಗಿ ಒಪ್ಪಿದ್ದಾರೆ.