ನಲವತ್ತಾರಕ್ಕೆ ಮೊದಲ ಶಟಲ್ ಬ್ಯಾಟ್

ನಾನು ಯಾವ ಕೆಲಸವನ್ನಾದರೂ ತೀರಾ ಗಂಭೀರವಾಗಿ ಶುರು ಮಾಡಿದರೆ ಸಾಕು, ನೋಡಿದವರಿಗೆ ನಗು ಬರುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಸ್ಕೂಟರ್ ಕಲಿಯುವಾಗಲೂ ಹಾಗೇ ಆಯಿತು, ಈ ವರ್ಷ ಶಟಲ್ ಬ್ಯಾಟ್ ಕೊಂಡಾಗಲೂ ಹಾಗೇ ಆಯಿತು. ಸ್ಕೂಟರಿನ ಕಥೆ ಹೇಳಲು ನನಗಿನ್ನೂ ಧೈರ್ಯ ಸಾಲದು. ಬ್ಯಾಟಿನದನ್ನು ಹೇಳುತ್ತೇನೆ, ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಉಳಿದಿದೆ.

ನಾಪೋಕ್ಲಿನ ಒಂದು ಕಾಫಿ ಖರೀದಿ ಅಂಗಡಿಯಲ್ಲಿ ನನಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಬೆಳೆಗಾರರು ತಂದ ಮೂಟೆಯಿಂದ ಒಂದಿಷ್ಟು ಕಾಫಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಗಟ್ಟಿ ಕಾಳು ಎಷ್ಟು, ಜೊಳ್ಳು ಎಷ್ಟು ಎಂದು ಹೇಳುವುದು ನನ್ನ ಕೆಲಸ. ಆಟಕ್ಕೂ ನನಗೂ ಅಷ್ಟರವರೆಗೆ ಸಂಬಂಧವೇ ಇರಲಿಲ್ಲ.

ಹೆಸರು ಕೊಟ್ಟದ್ದು

ಮಹಿಳಾ ಸಂಘಗಳ ಕ್ರೀಡಾಕೂಟದಲ್ಲಿ ಈ ಸಲ ನಲವತ್ತು ದಾಟಿದವರಿಗೆ ಶಟಲ್ ಡಬಲ್ಸ್ ಇಟ್ಟಿದ್ದರು. ನಮ್ಮ ಸಂಘದಿಂದ ನಾನೂ ಅಂಗನವಾಡಿ ಟೀಚರೂ ಹೆಸರು ಕೊಡಲು ಹೋದೆವು. ಹೆಸರು ಬರೆಯುತ್ತಿದ್ದ ಮಹಾಶಯರು ನಮ್ಮಿಬ್ಬರನ್ನೂ ಮೇಲಿಂದ ಕೆಳಗಿನವರೆಗೆ ನೋಡಿ, ಚಮಚದಲ್ಲಿ ನಿಂಬೆಹಣ್ಣಿಟ್ಟು ನಡೆಯುವ ಸ್ಪರ್ಧೆಗೂ ಇನ್ನೂ ಜಾಗ ಇದೆ ಎಂದು ಮೆಲ್ಲಗೆ ತಿಳಿಸಿದರು. ಟೀಚರ್ ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು, ಶಟಲ್ ಎಂಬ ಕಡೆ ನಮ್ಮ ಹೆಸರನ್ನು ತಾವೇ ದುಂಡಗೆ ಬರೆದು ಕೊಟ್ಟರು.

ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಹೊರಗೆ ಬಂದು ರಸ್ತೆ ದಾಟಿದ ಮೇಲೆ ಟೀಚರ್ ಕೇಳಿದರು, "ಅಕ್ಕ, ನಿಮಗೆ ಆಡ್ಲಿಕ್ಕೆ ಬರ್ತದಲ್ಲಾ?"

"ನಿಮಗೆ ಬರ್ತದೆ ಅಂತ ತಾನೇ ನಾನು ಬಂದದ್ದು" ಎಂದೆ.

ಕೋಳಿ ಸಾಲ

ಟೀಚರಿಗೆ ಮಗಳು ಕಾಲೇಜಿನಲ್ಲಿ ಆಡಿದ ಹಳೇ ಬ್ಯಾಟ್ ಇತ್ತು. ನನಗೆ ಕೊಳ್ಳಬೇಕಿತ್ತು. ಹೆಚ್ಚೆಂದರೆ ಸಾವಿರದ ಇನ್ನೂರು ರೂಪಾಯಿ ಹಾಕಬಹುದೆಂದು ಲೆಕ್ಕ ಹಾಕಿದೆ. ನನ್ನ ಯಜಮಾನರು ಪಿಕಪ್ ಓಡಿಸುವವರು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಎಷ್ಟು ಓಡಿದೆ ಎಂದು ಮೊದಲು ಕೇಳು ಎಂದು ಅವರು ಸಲಹೆ ಕೊಟ್ಟರು.

ನಿಜವಾಗಿ ಕೈ ಹಿಡಿದವರು ಅತ್ತೆ. ಎಪ್ಪತ್ತೆಂಟರ ಅವರು ಎಲ್ಲವನ್ನೂ ಕೇಳಿಸಿಕೊಂಡು, ಮಾರನೇ ದಿನ ಎರಡು ನಾಟಿ ಕೋಳಿ ಮಾರಿದ ದುಡ್ಡು ತಂದು ನನ್ನ ಕೈಗಿಟ್ಟರು. ತಮ್ಮ ಕಾಲದಲ್ಲಿ ಮದುವೆಯಾದ ಹೆಂಗಸು ಓಡಿದರೆ ಹಿಂದೆ ಆನೆ ಬಂದಿದೆ ಎಂದೇ ಲೆಕ್ಕ, ನೀನಾದರೂ ಸುಮ್ಮನೆ ಓಡು ಎಂದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತು. ಒಳಗೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು: ಸೋತು ಬಂದರೆ ಎರಡೂ ಕೋಳಿ ವಾಪಸ್.

ಹಗುರ ಮತ್ತು ಜೊಳ್ಳು

ಭಾನುವಾರ ಬಸ್ಸಿನಲ್ಲಿ ಮಡಿಕೇರಿಗೆ ಹೋದೆ. ಆಟದ ಸಾಮಾನಿನ ಅಂಗಡಿಯವರು ತಾಳ್ಮೆಯ ಮನುಷ್ಯ. ಮೊದಲು ಕಬ್ಬಿಣದ್ದೊಂದು ಜೋಡಿ ತೋರಿಸಿದರು, ಬೆಲೆ ಕಡಿಮೆ, ತೂಕ ಜಾಸ್ತಿ. ಆಮೇಲೆ ಗ್ರಾಫೈಟ್‌ನದು ತೋರಿಸಿದರು, ತೂಕ ಕಡಿಮೆ, ಬೆಲೆ ಜಾಸ್ತಿ. ಇನ್ನೂ ಹಗುರದ್ದಕ್ಕೆ ಇನ್ನೂ ಜಾಸ್ತಿ. ನನಗೆ ಇದು ಹಿಡಿಸಲಿಲ್ಲ. ನಮ್ಮಲ್ಲಿ ಕಾಳು ಹಗುರ ಬಂದರೆ ಜೊಳ್ಳು ಎಂದು ರೇಟು ಇಳಿಸುತ್ತೇವೆ, ನೀವು ಹಗುರಕ್ಕೆ ರೇಟು ಏರಿಸುತ್ತೀರಲ್ಲ ಎಂದು ಕೇಳಿದೆ. ಅವರು ಸಾವಧಾನವಾಗಿ ವಿವರಿಸಿದರು. ಹೊಸಬರಿಗೆ ಭಾರದ ಬ್ಯಾಟ್ ಕೊಟ್ಟರೆ ಭುಜ ನೋಯುತ್ತದೆ. ತಲೆ ಕಡೆ ಭಾರ ಇರಬಾರದು. ತಂತಿ ತೀರಾ ಬಿಗಿ ಬೇಡ, ಸ್ವಲ್ಪ ಸಡಿಲ ಇದ್ದರೆ ಕಾಕ್ ತಾನಾಗಿ ದೂರ ಹೋಗುತ್ತದೆ. ಹಿಡಿ ಸಣ್ಣಗಿರಬೇಕು, ಹಿಡಿದಾಗ ಬೆರಳಿಗೂ ಅಂಗೈಗೂ ನಡುವೆ ಸ್ವಲ್ಪ ಜಾಗ ಉಳಿಯಬೇಕು.

ಕೊನೆಗೆ ನನ್ನ ಬಜೆಟ್ಟಿಗೆ ಹೊಂದುವ ಎರಡು ಉಳಿದವು. ಎರಡೂ ಒಂದೇ ಮಾಡೆಲ್, ಒಂದೇ ತೂಕ, ಬಣ್ಣ ಮಾತ್ರ ಬೇರೆ ಎಂದರು. ನಾನು ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಕಣ್ಣು ಮುಚ್ಚಿದೆ. ಕೆಂಪಿನದು ನಾಲ್ಕೈದು ಗ್ರಾಂ ಜಾಸ್ತಿ ಇದೆ ಎಂದೆ. ಅವರು ನಕ್ಕು, ಹಾಗಿರಲು ಸಾಧ್ಯವೇ ಇಲ್ಲ ಎಂದರು. ನಾನು ಇದೆ ಎಂದೆ. ಅವರಿಗೂ ಹಟ ಬಂದು, ಪಕ್ಕದ ಏಲಕ್ಕಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದರು. ಏಲಕ್ಕಿಯವರೂ ಅವರ ಇಬ್ಬರು ಗಿರಾಕಿಗಳೂ ಹಿಂದೆಯೇ ಬಂದರು. ತೂಗಿದರೆ ಕೆಂಪಿನದು ಸರಿಯಾಗಿ ಐದು ಗ್ರಾಂ ಜಾಸ್ತಿ. ಬಿಚ್ಚಿ ನೋಡಿದರೆ ಅದರ ಹಿಡಿಗೆ ಯಾರೋ ಒಂದರ ಬದಲು ಎರಡು ಸುತ್ತು ಪಟ್ಟಿ ಸುತ್ತಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಗೆ ಅಂಥ ಮರ್ಯಾದೆ ಸಿಕ್ಕಿದ್ದೇ ಇಲ್ಲ. ಅಂಗಡಿಯವರು ನೀಲಿ ಬ್ಯಾಟಿಗೆ ಕವರು ಉಚಿತವಾಗಿ ಹಾಕಿ, ದೊಡ್ಡ ಆಟಗಾರರು ಆಡಿ ಬಿಟ್ಟ ಗರಿಯ ಕಾಕುಗಳ ಒಂದು ಡಬ್ಬವನ್ನೂ ಕೊಟ್ಟು, ಬಹಳ ಗೌರವದಿಂದ ಕೇಳಿದರು, "ಮೇಡಂ, ತಾವು ಎಷ್ಟು ವರ್ಷದಿಂದ ಆಡ್ತಾ ಇದ್ದೀರಿ?"

"ಇನ್ನೂ ಶುರು ಮಾಡಿಲ್ಲ" ಎಂದೆ.

ಬಸ್ಸಿನಲ್ಲಿ

ವಾಪಸು ಬರುವಾಗ ಬಸ್ಸು ತುಂಬಿತ್ತು. ಬ್ಯಾಟನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಸೀಟಿನಲ್ಲಿದ್ದ ಒಬ್ಬ ಅಜ್ಜ ಅದನ್ನೇ ಬಹಳ ಹೊತ್ತು ನೋಡಿ, ಸೊಳ್ಳೆ ಬ್ಯಾಟಿಗೂ ಈಗ ಅಂಗಿ ತೊಡಿಸುತ್ತಾರಾ ಎಂದು ವಿಚಾರಿಸಿದರು. ಇದು ಸೊಳ್ಳೆಯದ್ದಲ್ಲ, ಆಡುವುದು ಎಂದೆ. ಹಾಗಾದರೆ ಮಗಳಿಗೆ ಎಂದರು. ಇಲ್ಲ, ನನಗೆ ಎಂದೆ. ನನ್ನನ್ನು ಒಂದು ಸಲ ಪೂರ್ತಿ ನೋಡಿದರು. ಆಮೇಲೆ ಕೋಲು ಊರಿ ಎದ್ದು, ಸೀಟು ಬಿಟ್ಟುಕೊಟ್ಟು ಹೇಳಿದರು, "ಕೂತ್ಕೋ ಮಗಳೇ. ಇರುವ ಕಾಲನ್ನು ಈಗಲೇ ಖರ್ಚು ಮಾಡ್ಬೇಡ."

ಕಾಫಿಯಲ್ಲಿ ಗರಿ

ಅಭ್ಯಾಸಕ್ಕೆ ಜಾಗ ಎಂದರೆ ನಮ್ಮ ಅಂಗಡಿಯ ಹಿಂದಿನ ಕಾಫಿ ಒಣಗಿಸುವ ಕಣ. ಸಂಜೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ನಾವಿಬ್ಬರೂ ಆಡುತ್ತಿದ್ದೆವು. ಗಾಳಿಗೆ ಕಾಕ್ ಟೀಚರ್ ಕಡೆ ಹೊರಟು ನನ್ನ ಹಿಂದೆ ಬೀಳುತ್ತಿತ್ತು. ಮೂರು ವಾರ ಆ ಗಾಳಿಯಲ್ಲಿ ಓಡಿ ಓಡಿ, ಕಾಕ್ ಎಲ್ಲಿಗೆ ಹೋದರೂ ತಲುಪುವುದು ಅಭ್ಯಾಸವಾಯಿತು. ಆದರೆ ಹಳೇ ಕಾಕುಗಳ ಗರಿ ಉದುರುತ್ತಿತ್ತು.

ಒಂದು ದಿನ ನಮ್ಮ ಸಾಹುಕಾರರು ಕಕ್ಕಬ್ಬೆ ಕಡೆಯ ಬೆಳೆಗಾರರೊಬ್ಬರ ಎದುರಿಗೇ, ನಮ್ಮ ಕಣದಲ್ಲಿ ಒಣಗಿಸಿದ್ದ ಅವರ ಕಾಫಿಯ ಸ್ಯಾಂಪಲ್ ನೋಡುತ್ತಿದ್ದರು. ಟ್ರೇಯಲ್ಲಿ ಎರಡು ಬಿಳಿ ಗರಿ ಸಿಕ್ಕಿತು. ಸಾಹುಕಾರರು ಅದನ್ನು ಎತ್ತಿ ಹಿಡಿದು, ಕೋಳಿಯನ್ನೂ ಕಾಫಿ ರೇಟಿಗೇ ತೂಗಬೇಕಾ ಎಂದು ಕೇಳಿದರು. ಬೆಳೆಗಾರರ ಮುಖ ಕೆಂಪಾಯಿತು. ನಾನು ತಪ್ಪೊಪ್ಪಿಕೊಂಡು ಇಡೀ ಕಥೆ ಹೇಳಬೇಕಾಯಿತು. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತಿದ್ದರೆ, ಬೆಳೆಗಾರರು ಕಾಲರ್ ಸರಿಮಾಡಿಕೊಂಡು, ಹಾಗಾದರೆ ಪಂದ್ಯದ ದಿನ ನಾನೂ ಬರುತ್ತೇನೆ, ನನ್ನ ಕಾಫಿಯೂ ಆ ಆಟದಲ್ಲಿ ಪಾಲುದಾರ ಎಂದರು.

ಕೊನೆಯ ಪಾಯಿಂಟ್

ಪಂದ್ಯದ ದಿನ ಸಭಾಭವನಕ್ಕೆ ಒಟ್ಟು ನಾಲ್ಕೇ ತಂಡ ಬಂದಿದ್ದವು. ಹಾಗಾಗಿ ಒಂದು ಪಂದ್ಯ ಗೆದ್ದ ಕೂಡಲೇ ನಾವು ಫೈನಲಿನಲ್ಲಿದ್ದೆವು. ಎದುರಿಗೆ ಭಾಗಮಂಡಲದ ಕಡೆಯ ಇಬ್ಬರು, ಇಬ್ಬರೂ ಎತ್ತರ, ಒಬ್ಬರು ಕಾಲೇಜಿನಲ್ಲಿ ಆಡಿದವರು. ಇಪ್ಪತ್ತೊಂದಕ್ಕೆ ಒಂದೇ ಗೇಮ್. ನಾನು ಮಂಡಿ ತರಚಿಕೊಂಡೆ, ಟೀಚರ್ ಜಡೆ ಬಿಚ್ಚಿಹೋಯಿತು. ಹೇಗೋ ನಮ್ಮದು ಇಪ್ಪತ್ತು, ಅವರದು ಹತ್ತೊಂಬತ್ತು ಆಯಿತು.

ಸರ್ವೀಸ್ ನನ್ನದು. ಸಭಾಭವನದಲ್ಲಿ ಎಂಥ ಗದ್ದಲ ಎಂದರೆ ಎರಡು ಸಲ ಕಾಕ್ ಎತ್ತಿ ಇಳಿಸಿದೆ. ಅದನ್ನು ನೋಡಿದ ಟೀಚರ್ ಜನರ ಕಡೆ ತಿರುಗಿದರು. ಕೂಗಲಿಲ್ಲ. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಬಳಸಿದ ದನಿಯಲ್ಲಿ, ಒಂದೇ ಒಂದು ಸಲ ಹೇಳಿದರು.

"ಎಲ್ಲರೂ ಕೈ ಕಟ್ಟಿ. ಬಾಯಿ ಮೇಲೆ ಬೆರಳು."

ಸಭಾಭವನ ಗಪ್ಪಾಯಿತು. ನಾನು ಆ ಮೌನದಲ್ಲಿ ಸರ್ವೀಸ್ ಮಾಡಿಬಿಟ್ಟೆ. ಕಾಕ್ ನೆಟ್ ದಾಟಿ ಎದುರಿನ ಇಬ್ಬರ ನಡುವೆ ಮೆತ್ತಗೆ ಬಿತ್ತು. ಯಾರೂ ಅಲುಗಲಿಲ್ಲ. ಒಬ್ಬರು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಕಟ್ಟಿ ನಿಂತಿದ್ದರು. ಇನ್ನೊಬ್ಬರ ಬೆರಳು ತುಟಿಯ ಮೇಲಿತ್ತು. ಪಾಯಿಂಟ್ ಕೊಡಬೇಕಾದ ಅಂಪೈರನ್ನು ನೋಡಿದರೆ, ಅವರೂ ಹಾಗೇ ನಿಂತಿದ್ದರು. ಚಿಕ್ಕವರಿದ್ದಾಗ ಟೀಚರ ಹತ್ತಿರವೇ ಕಲಿತವರಂತೆ.

ಆ ಪಾಯಿಂಟ್ ನಮಗೆ ಬೇಡ, ಇನ್ನೊಮ್ಮೆ ಆಡೋಣ ಎಂದು ನಾನೇ ಹೇಳಿದೆ. ಆಡಿದೆವು. ಹತ್ತು ಹನ್ನೆರಡು ಹೊಡೆತ ಹೋಯಿತು, ಬಂತು. ಕೊನೆಗೆ ಅವರು ಮೂಲೆಗೆ ಹಾಕಿದ್ದನ್ನು ನಾನು ಓಡಿ ಹೋಗಿ ಎತ್ತಿದೆ. ಅದು ನೆಟ್ಟಿನ ಅಂಚಿಗೆ ತಾಗಿ, ಒಂದು ಕ್ಷಣ ಯೋಚಿಸಿ, ಆ ಕಡೆಗೆ ಬಿತ್ತು.

ಗೆದ್ದಿದ್ದೆವು. ನಾನು ಎರಡೂ ಕೈ ಎತ್ತಿ ನಿಂತೆ. ಆದರೆ ಒಂದು ಚಪ್ಪಾಳೆಯೂ ಕೇಳಿಸಲಿಲ್ಲ. ಏನಾದರೂ ತಪ್ಪಾಯಿತೇನೋ ಎಂದು ಸುತ್ತ ನೋಡಿದೆ. ಮುನ್ನೂರು ಜನ ಬಾಯಿ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಮೊದಲ ಸಾಲಿನಲ್ಲಿ ಪಂಚಾಯ್ತಿ ಅಧ್ಯಕ್ಷರೂ ಕೈ ಕಟ್ಟಿಕೊಂಡು ಟೀಚರ ಮುಖವನ್ನೇ ನೋಡುತ್ತಿದ್ದರು.

ಟೀಚರ್ ಜಡೆ ಕಟ್ಟಿಕೊಂಡು, ಬೆವರು ಒರೆಸಿಕೊಂಡು, ಜನರ ಕಡೆ ತಿರುಗಿ ಹೇಳಿದರು, "ಜಾಣ ಮಕ್ಕಳು. ಈಗ ಚಪ್ಪಾಳೆ ತಟ್ಟಬಹುದು."